ನನ್ನ ಶಾಂತಿ ಕೆಡಿಸಿದ ಡಾಕ್ಟರು

ಪುತ್ತೂರಿನ ಡಾಕ್ಟರ್ ವಾಮನರಾಯರು ರೋಗಿ ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆ ಬಂತೇನೋ ಎಂದು ಹೊಸಬರು ಮಾತು ನಿಲ್ಲಿಸಿದರೆ, "ಎಂತ ನಿಲ್ಲಿಸಿದ್ದು? ಹೇಳಿ ಮಾರಾಯ್ರೆ, ಕಿವಿ ತೆರೆದೇ ಉಂಟು" ಎನ್ನುವರು. ಮುಖ ನೋಡುತ್ತ ಕೂತರೆ ದನಿ ಕೇಳಿಸುವುದಿಲ್ಲ ಎಂಬುದು ಅವರ ನಂಬಿಕೆ. ಕುಳ್ಳಗಿನ ಆಳು, ಬಾಯಲ್ಲಿ ಸದಾ ಒಂದು ಲವಂಗ.

ಐವತ್ತರ ದಶಕದ ಕೊನೆಯಲ್ಲಿ ನಾನು ಕಾಣಿಯೂರಿನಲ್ಲಿ ಶಾಲಾ ಮಾಸ್ತರನಾಗಿದ್ದೆ. ನಲವತ್ತೂ ತುಂಬದ ನನಗೆ ಆಗ ಸ್ಥಿತಪ್ರಜ್ಞನಾಗುತ್ತಿದ್ದೇನೆ ಎಂಬ ಭ್ರಮೆ ಅಮರಿಕೊಂಡಿತ್ತು. ಮಕ್ಕಳು ಮಗ್ಗಿ ತಪ್ಪಿದರೂ ಬೆತ್ತ ಎತ್ತುತ್ತಿರಲಿಲ್ಲ, ಎತ್ತುವುದೇ ಶ್ರಮವೆನಿಸುತ್ತಿತ್ತು. ಊಟ ಕಡಿಮೆಯಾದರೂ ಮೈ ತುಂಬಿತು, ಅದನ್ನು ಗಾಂಭೀರ್ಯ ಎಂದುಕೊಂಡೆ. ದನಿ ದಪ್ಪವಾಯಿತು, ಗುರುವಿಗೆ ತಕ್ಕ ದನಿ ಎಂದುಕೊಂಡೆ. ಏಪ್ರಿಲ್ ಸೆಕೆಯಲ್ಲಿ ಊರೆಲ್ಲ ಬೆವರುವಾಗ ಶಾಲು ಹೊದ್ದು ಕೂತಿರುತ್ತಿದ್ದೆ. ಶೀತೋಷ್ಣಗಳಲ್ಲಿ ಉಷ್ಣವನ್ನಂತೂ ಗೆದ್ದಾಯಿತು ಎಂದು ಬೀಗಿದ್ದೂ ಉಂಟು.

ಹೆಂಡತಿ ಶಾರದೆಗೆ ಈ ಸಾಧನೆ ಹಿಡಿಸಲಿಲ್ಲ. ಅವಳ ಅಣ್ಣ ತೀರಿಕೊಂಡ ಸುದ್ದಿ ಬಂದಾಗ ನಾನು "ಹೌದಾ" ಎಂದು ಮಗ್ಗುಲು ಬದಲಿಸಿ ಮಲಗಿದೆನಂತೆ. ಭಾವ ನನಗೆ ಗೆಳೆಯನೂ ಆಗಿದ್ದವನು. ಉತ್ತರಕ್ರಿಯೆ ಮುಗಿದ ಮೇಲೆ ಅವಳೇ ನನ್ನನ್ನು ಬಸ್ಸು ಹತ್ತಿಸಿ ರಾಯರ ಎದುರು ಕೂರಿಸಿದಳು.

"ಇವರಿಗೆ ಎಂತದೂ ತಾಗುದಿಲ್ಲ ಡಾಕ್ಟ್ರೆ. ಅಳು ಇಲ್ಲ, ನಗು ಇಲ್ಲ. ಜಗಳಕ್ಕೂ ಬರುದಿಲ್ಲ."

ಇದು ರೋಗವಲ್ಲ, ಮನಸ್ಸಿನ ಪಕ್ವತೆ ಎಂದು ನಾನು ನಿಧಾನವಾಗಿ ವಿವರಿಸಿದೆ. ರಾಯರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ನನ್ನನ್ನು ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಿ, ಹಿಮ್ಮಡಿಯ ಮೇಲಿನ ನರಕ್ಕೆ ರಬ್ಬರಿನ ಸುತ್ತಿಗೆಯಿಂದ ತಟ್ಟಿದರು. ಪಾದ ಜಿಗಿಯಿತು, ಆದರೆ ಮರಳಿ ಇಳಿಯುವುದಕ್ಕೆ ಬಹಳ ಸಾವಕಾಶ ಮಾಡಿತು.

"ನೋಡಿ ಅಮ್ಮ, ಮಾಸ್ಟ್ರ ಕಾಲಿಗೂ ವೈರಾಗ್ಯ ಬಂದಿದೆ" ಎಂದರು. ನನ್ನ ಕಡೆ ತಿರುಗಿ, "ಕುತ್ತಿಗೆಯಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಉಂಟು. ಮೈಯ ಒಲೆ ಉರಿಸುದು ಅದು. ಅದಕ್ಕೆ ಕೆಲಸ ಹೇಳುದು ತಲೆಯೊಳಗಿನ ಪಿಟ್ಯುಟರಿ. ನಿಮ್ಮಲ್ಲಿ ಹೇಳುವವ ಸುಮ್ಮನಾದದ್ದೊ, ಕೇಳುವವ ಸುಮ್ಮನಾದದ್ದೊ ನೋಡ್ಬೇಕು. ಗೊತ್ತಾಗದೆ ಮದ್ದು ಕೊಟ್ಟರೆ ಅಪಾಯ" ಎಂದರು.

ಪಿಟ್ಯುಟರಿ ಊದಿದ್ದರೆ ಕಣ್ಣಿನ ನರವನ್ನು ಒತ್ತುತ್ತದಂತೆ; ಅದಕ್ಕೆ ಕಣ್ಣಿನ ಬದಿಗಳಲ್ಲಿ ಬೆರಳಾಡಿಸಿ ಎಷ್ಟು ಕಾಣುತ್ತದೆಂದು ಪರೀಕ್ಷಿಸಿದರು. ಮಂಗಳೂರಿಗೆ ಕಳಿಸಿ ತಲೆಯ ಎಕ್ಸ್‌ರೇ ತೆಗೆಸಿದರು. ಅಲ್ಲಿಯೇ ಇನ್ನೊಂದು ಪರೀಕ್ಷೆ: ಬರಿ ಹೊಟ್ಟೆಯಲ್ಲಿ ಮಲಗಿಸಿ, ಮೂಗಿಗೆ ಚಿಮಟ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ದೇಹ ಎಷ್ಟು ಪ್ರಾಣವಾಯು ಸುಡುತ್ತದೆಂದು ಅಳೆಯುವುದು. ಅಲುಗಬಾರದು, ನಿದ್ದೆಯನ್ನೂ ಮಾಡಬಾರದು. ಅಲುಗದಿರುವುದರಲ್ಲಿ ನಾನು ಪ್ರವೀಣ. ಎರಡನೆಯದರಲ್ಲಿ ಸೋತೆ. ಗೊರಕೆಗೆ ಯಂತ್ರದ ಗೆರೆ ಅಡ್ಡಾದಿಡ್ಡಿ ಹೋಗಿ ಮರುದಿನ ಮತ್ತೆ ಮಲಗಬೇಕಾಯಿತು. ತಲೆಯ ಚಿತ್ರದಲ್ಲಿ ದೋಷ ಕಾಣಲಿಲ್ಲ, ಮೈಯ ಉರಿ ಮಾತ್ರ ತೀರ ಕಡಿಮೆಯಿತ್ತು. ಕೊನೆಗೆ ಸುಮ್ಮನಾದದ್ದು ಥೈರಾಯ್ಡೇ ಎಂದು ತಿಳಿಯಿತು.

ಮದ್ದು ಬರೆಯುವ ಮುಂಚೆ ರಾಯರು ಮುಚ್ಚುಮರೆಯಿಲ್ಲದೆ ಹೇಳಿದರು: "ಈ ಗುಳಿಗೆ ಪ್ರಾಣಿಯ ಗ್ರಂಥಿ ಒಣಗಿಸಿ ಮಾಡಿದ್ದು. ನೀವು ನೀರುಳ್ಳಿಯನ್ನೂ ತಿನ್ನದ ಜನ. ಕೇಳದೆ ಕೊಡುದು ಸರಿಯಲ್ಲ. ತೆಗೊಳ್ಳಲು ಶುರು ಮಾಡಿದ್ರೆ ಜೀವಮಾನ ಇಡೀ ಬೇಕು. ಬಿಟ್ರೆ ಹೃದಯ ಕೈಕೊಡ್ತದೆ."

ನಾನು ಧರ್ಮಸೂಕ್ಷ್ಮದ ಬಗ್ಗೆ ಯೋಚಿಸತೊಡಗಿದೆ. ಆ ದಿನಗಳಲ್ಲಿ ನನ್ನ ಯೋಚನೆಗೆ ತುಂಬ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಶಾರದೆ, "ಬರೀರಿ ಡಾಕ್ಟ್ರೆ, ಪಾಪ ಬಂದ್ರೆ ನನಗೆ ಬರ್ಲಿ" ಎಂದಳು.

ರಾಯರು ಗುಳಿಗೆಯ ಚೂರಿನಿಂದ ಆರಂಭಿಸಿ ತಿಂಗಳುಗಟ್ಟಲೆ ಮೆಲ್ಲನೆ ಏರಿಸಿದರು. ಶಾಲು ಪೆಟ್ಟಿಗೆ ಸೇರಿತು. ಸಾರಿಗೆ ಉಪ್ಪು ಹೆಚ್ಚಾದ ದಿನ ನಾನು ರೇಗಿದೆ. ಶಾರದೆ ಮುಖ ತಿರುಗಿಸಿ ನಕ್ಕಳು. ಇನ್ನೊಂದು ದಿನ ಊಟಕ್ಕೆ ಕೂತಾಗ ಭಾವ ನೆನಪಾದ. ಅನ್ನ ಕಲಸಿದ ಕೈ ಎಲೆಯ ಮೇಲೆಯೇ ನಿಂತಿತು. ಅವನು ಸತ್ತು ಅರ್ಧ ವರ್ಷ ಕಳೆದ ಮೇಲೆ, ನಮ್ಮ ಮಕ್ಕಳೆದುರು, ನಾನು ಗೋಳೋ ಎಂದು ಅತ್ತೆ. ಶಾರದೆ ಬಡಿಸುವುದು ಬಿಟ್ಟು ನನ್ನ ಪಕ್ಕ ಕೂತಳು.

ನಾಚಿಕೊಳ್ಳುತ್ತಲೇ ಇದನ್ನು ರಾಯರಿಗೆ ಹೇಳಿದೆ. ಅವರು ಲವಂಗವನ್ನು ಇನ್ನೊಂದು ಕೆನ್ನೆಗೆ ಸರಿಸಿ, "ಒಳ್ಳೆದಾಯ್ತು. ಇನ್ನು ಏರಿಸುದು ಬೇಡ, ಇಷ್ಟೇ ಸಾಕು" ಎಂದರು.

ಕೆಲವು ವರ್ಷಗಳ ಬಳಿಕ ಒಂದು ಬೆಳಿಗ್ಗೆ ಹೋದಾಗ ಕ್ಲಿನಿಕ್ಕಿನ ಬಾಗಿಲು ಮುಚ್ಚಿತ್ತು. ಹಿಂದಿನ ಸಂಜೆ ರಾಯರು ಸ್ನಾನಕ್ಕೆ ಹೊರಟವರು ಕುಸಿದು ತೀರಿಕೊಂಡರೆಂದು ಕಂಪೌಂಡರ್ ಹೇಳಿದ. ಜಗಲಿಯ ಬೆಂಚಿನಲ್ಲಿ ರೋಗಿಗಳು ಕೂತಿದ್ದರು. ಎಲ್ಲರಿಗೂ ವಿಷಯ ತಿಳಿದಿತ್ತು, ಯಾರೂ ಎದ್ದಿರಲಿಲ್ಲ. ಕಬಕದ ಮುದುಕಿಯೊಬ್ಬಳು ಸರಿದು ಜಾಗ ಕೊಟ್ಟಳು. ನಾನೂ ಕೂತೆ.