ಅರ್ಜಿಯಲ್ಲಿ ಜಾಗ ಸಿಗದ ಕಂಬಳಿ

ಪಿರಿಯಾಪಟ್ಟಣದ ತಾಲ್ಲೂಕು ಕಚೇರಿಯ ಮುಂದೆ, ಹುಣಸೆಮರದ ಕೆಳಗೆ ಕುಳಿತು ನಾನು ಅರ್ಜಿ ಬರೆದುಕೊಡುತ್ತಿದ್ದೆ. ಹೈಸ್ಕೂಲು ಓದಿದ್ದೇನೆಂಬ ಜಂಬ ತಲೆಯ ಮೇಲಿನ ಪೇಟಕ್ಕಿಂತ ಎತ್ತರವಿತ್ತು. ‘ಶ್ರೀಮನ್ಮಹಾ’ ಎಂದು ಹೊರಟರೆ ವಿಷಯಕ್ಕೆ ಬರುವ ಹೊತ್ತಿಗೆ ಅರ್ಧ ಕುಡಿಕೆ ಮಸಿ ಖಾಲಿ. ಬರೆಸಿದವರಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಅದಕ್ಕೇ ನನ್ನಲ್ಲಿ ಗಿರಾಕಿ ಹೆಚ್ಚು.

ಒಂದು ದಿನ ರಾವಂದೂರು ಕಡೆಯ ಹೆಂಗಸೊಬ್ಬಳು ಬಂದಳು. ಎರಡು ವರ್ಷದ ಹಿಂದೆ ಅವಳ ತಮ್ಮನನ್ನು ಯಾರೋ ಹಳ್ಳದ ಹತ್ತಿರ ಹೊಡೆದು ಕೊಂದಿದ್ದರು. ಸುಳಿವಿಲ್ಲವೆಂದು ಪೊಲೀಸರು ಕಡತ ಮುಚ್ಚಿದ್ದರು. ಮತ್ತೆ ತೆರೆಯಬೇಕಾದರೆ ಮೇಲಿನವರ ಹುಕುಂ ಬೇಕೆಂದು ಠಾಣೆಯವರು ಅವಳನ್ನು ಅರ್ಜಿಗೆ ಅಟ್ಟಿದ್ದರು.

“ಅವತ್ತು ಅವ್ನು ಹೊದ್ದಿದ್ದ ಕಂಬ್ಳಿ ಸಿಕ್ಕಿರ್ನಿಲ್ಲ ಬುದ್ದಿ. ಈಗ ಒಬ್ಬ ದನದ ದಲ್ಲಾಳಿ ಅದ್ನೇ ಹೊದ್ಕಂಡು ಸಂತೇಲಿ ತಿರುಗ್ತಾವ್ನೆ. ಅದರ ಮೂಲೇನ ನನ್ ಧಾರೆಸೀರೆ ಅಂಚಿನ ಕೆಂಪು ನೂಲಲ್ಲಿ ನಾನೇ ಹೊಲ್ದಿದ್ದೆ. ಅದ ಮೊದ್ಲು ಬರೀರಿ.”

“ಜಿಲ್ಲೆಯ ಪೊಲೀಸ್ ಸಾಹೇಬರಿಗೆ ಹೋಗೋ ಅರ್ಜಿ ಕಣಮ್ಮ. ಶುರುವಿಗೇ ಕಂಬಳಿ ಹಾಸೋಕಾಗುತ್ತಾ?” ಎಂದೆ.

ಸಾಹೇಬರ ಕೀರ್ತಿ, ಅವರ ವಂಶದ ಏಳಿಗೆ, ದೊರೆಗಳಾದ ಮಹಾಸ್ವಾಮಿಯವರ ಆಯುರಾರೋಗ್ಯ ಮುಗಿಯುವಾಗ ಕಾಗದವೂ ಮುಗಿದಿತ್ತು. ಉಳಿದ ಬೆರಳಗಲದಲ್ಲಿ ‘ಕಡತ ತೆರೆಯಲು ಕೃಪೆಯಾಗಬೇಕು’ ಎಂದು ತುರುಕಿ ಓದಿ ಹೇಳಿದೆ.

“ಕಂಬ್ಳಿ ಬರ್ನಿಲ್ವಲ್ಲ ಬುದ್ದಿ?”

“ಸಂಸ್ಕೃತದಲ್ಲಿ ಬಂದಿದೆ.”

ಅವಳು ನಂಬಿ ಹೆಬ್ಬೆಟ್ಟು ಒತ್ತಿದಳು.

ತಿಂಗಳಿಗೆ ನನ್ನ ವಿಳಾಸಕ್ಕೇ ಉತ್ತರ ಬಂತು: ಹೊಸ ಸಂಗತಿ ಏನೂ ಇಲ್ಲದ್ದರಿಂದ ಅರ್ಜಿ ವಜಾ. ಅದನ್ನು ಓದಿ ಹೇಳಲು ನನಗೆ ನಾಚಿಕೆಯಾಯಿತು. “ವಿಚಾರಣೆ ನಡೀತಿದೆ, ದಲ್ಲಾಳಿ ಮುಂದೆ ಬಾಯಿ ಬಿಡಬೇಡ” ಎಂದುಬಿಟ್ಟೆ. ಈ ವಯಸ್ಸಿನಲ್ಲೂ ನನ್ನನ್ನು ಚುಚ್ಚುವುದು ಆ ಮಾತು.

ಒಂದು ವರ್ಷ ಅವಳು ವಾರವಾರವೂ ಸಂತೆಯಲ್ಲಿ ತಮ್ಮನ ಕಂಬಳಿಯನ್ನು ಆ ಮನುಷ್ಯನ ಹೆಗಲ ಮೇಲೆ ನೋಡಿ, ತುಟಿ ಕಚ್ಚಿಕೊಂಡು, ನನಗೆ ಬಂದು ವರದಿ ಒಪ್ಪಿಸುತ್ತಿದ್ದಳು. ಜೊತೆಗೆ ಮಡಿಲಲ್ಲಿ ಅವರೆಕಾಯಿ. ನಾನು ಅದನ್ನೂ ತಿಂದೆ.

ಮಳೆಗಾಲದಲ್ಲಿ ಒಮ್ಮೆ ಬರಿಗೈಲಿ ಬಂದಳು. “ನೂಲು ಕಿತ್ಕಂಡು ಹೋಯ್ತಾ ಅದೆ ಬುದ್ದಿ. ಪೂರಾ ಹೋದ್ಮೇಲೆ ಸಾಹೇಬ್ರಿಗೆ ಏನ್ ತೋರ್ಸಾನ?”

ಪೆಟ್ಟಿಗೆಯ ತಳದಿಂದ ಆ ಉತ್ತರ ತೆಗೆದು ಓದಿದೆ. ಕಂಬಳಿಯನ್ನು ಬರೆದೇ ಇರಲಿಲ್ಲ ಎಂದೂ ಹೇಳಿದೆ. ಅವಳು ನನ್ನ ಪೇಟವನ್ನೊಮ್ಮೆ ನೋಡಿದಳು. ಆಮೇಲೆ ‘ಬುದ್ದಿ’ಯೂ ಇಲ್ಲ, ‘ಬರೀರಿ’ಯೂ ಇಲ್ಲ.

“ಕಾಗ್ದ ತಗಿ. ನಾ ಹೇಳ್ದಂಗೆ ಬರಿ.”

ಮೊದಲ ಪದವೇ ಕಂಬಳಿ. ನಂತರ ಮೂಲೆ, ನೂಲು, ದಲ್ಲಾಳಿ, ಸಂತೆಯ ದಿನ. ಒಟ್ಟು ನಾಲ್ಕು ಸಾಲು. ‘ಶ್ರೀಮನ್ಮಹಾ’ ಇಲ್ಲದೆ ನನ್ನ ಕೈ ಬತ್ತಲೆಯಾದಂತಿತ್ತು.

ಹದಿನೈದು ದಿನದೊಳಗೆ ಕಡತ ತೆರೆಯಿತು. ಸಂತೆಯಲ್ಲಿ ಪೊಲೀಸ್ ಜಮಾದಾರರು ಕಂಬಳಿ ಹಿಡಿದಾಗ ಮೂಲೆಯಲ್ಲಿ ಉಳಿದಿದ್ದು ಬೆರಳುದ್ದ ನೂಲು. ಸೀರೆಯಂಚಿಗೆ ಹಿಡಿದು ನೋಡಲು ಅಷ್ಟು ಸಾಕಾಯಿತು. ದಲ್ಲಾಳಿ ತಪ್ಪೊಪ್ಪಿಕೊಂಡ.

ಅವಳು ಕಡೆಯ ಸಲ ಮರದಡಿಗೆ ಬಂದು ನಿಂತಳು.

“ನಾಕ್ ಸಾಲ್ಗೆ ಆಗೋಯ್ತಲ್ಲ. ಅವತ್ತು ಕಾಗ್ದ ತುಂಬ ನೀ ಏನ್ಲಾ ಬರ್ದಿದ್ದೆ?”

ನಾನು ಮಸಿ ಕುಡಿಕೆಯ ಮುಚ್ಚಳ ಹುಡುಕುತ್ತಿದ್ದೆ. ಅದು ನನ್ನ ಕೈಯಲ್ಲೇ ಇತ್ತು.