ಹಗ್ಗದ ಮೇಸ್ತ್ರಿ, ಬೋಟಿನ ಕೇಬಲ್ಲು

ಹಗ್ಗವನ್ನು ಮುಟ್ಟಿಯೇ ಅದರ ಆಯುಸ್ಸು ಹೇಳುವವನೆಂದು ಚಿಕ್ಕಮುನಿಯಪ್ಪನಿಗೆ ಊರಿಗಾಂ ಗಣಿಯಾಳುಗಳ ಲೈನುಮನೆಗಳಲ್ಲಿ ಹೆಸರಿತ್ತು. ಗಣಿಬಾವಿಯೊಳಕ್ಕೆ ಆಳುಗಳ ಕೇಜನ್ನು ಇಳಿಸಿ ಏರಿಸುವ ಉಕ್ಕಿನ ಹಗ್ಗಗಳನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವನು. ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನ ಮೇಸ್ತ್ರಿ ದೊಡ್ಡವೆಂಕಟಪ್ಪ ಬೆನ್ನಿಗೊಂದು ಗುದ್ದು ಕೊಟ್ಟು ಪಾಠ ಹೇಳಿದ್ದ: "ಸಡ್ಲ ಅಗ್ಗ ಅಂದ್ರೆ ಯಮನ ಅಗ್ಗ ಕಣ್ಲಾ. ಕಂಡ್ರೆ ಬಿಗಿ. ಯಾರ್ನೂ ಕೇಳ್ಬೇಡ." ಆ ಗುದ್ದಿನ ನೋವು ಸಂಜೆಗೆ ಹೋಯಿತು, ಮಾತು ಹೋಗಲಿಲ್ಲ.

ಎಪ್ಪತ್ತೆಂಟನೆಯ ಇಸವಿಯಲ್ಲಿ ಅವನಿಗೆ ತಲೆಸುತ್ತು ಶುರುವಾಯಿತು. ಬಾವಿಯ ಮೇಲಿನ ಕಬ್ಬಿಣದ ಗೋಪುರ ಹತ್ತಿ ಗಾಲಿಗೆ ಗ್ರೀಸು ಬಳಿಯುವಾಗ ಎರಡು ಸಲ ಕೈ ಜಾರಿತು. ಡಾಕ್ಟರು ಮೂರು ತಿಂಗಳು ನೆಲದ ಮೇಲಿನ ಹಗುರ ಕೆಲಸವೆಂದು ಚೀಟಿ ಬರೆದರು. ಹಾಗೆ ಅವನು ಬೇತಮಂಗಲದ ಕೆರೆಯ ಬೋಟ್ ಶೆಡ್ಡಿಗೆ ಬಂದ.

ಅಲ್ಲಿ ಸಾಹೇಬರ ಕ್ಲಬ್ಬಿನದೊಂದು ಮೋಟಾರು ಬೋಟಿತ್ತು. ಇಂಜಿನ್ನು ಬೋಟಿನೊಳಗೆ, ಪಂಖ ಸುತ್ತಿಸುವ ಕಾಲು ಮಾತ್ರ ಹಿಂಬದಿಯಲ್ಲಿ ನೀರಿಗೆ ಇಳಿಬಿದ್ದಿತ್ತು. ಸೀಟಿನ ಪಕ್ಕದ ಹಿಡಿಕೆಯಿಂದ ಆ ಕಾಲಿನವರೆಗೆ ಗೇರಿನ ಕೇಬಲ್ಲು. ಹಿಡಿಕೆ ಮುಂದೆ ತಳ್ಳಿದರೆ ಬೋಟು ಮುಂದೆ, ಹಿಂದೆ ಎಳೆದರೆ ಹಿಂದೆ, ನೆಟ್ಟಗೆ ನಿಲ್ಲಿಸಿದರೆ ಪಂಖ ನಿಲ್ಲಬೇಕು. ಹಳೆಯ ಕೇಬಲ್ಲು ತುಂಡಾಗಿ ವರ್ಷವಾಗಿತ್ತು. ಹೊಸದು ಮದರಾಸಿನಿಂದ ಬಂದಿತ್ತು, ಕೂರಿಸುವವರಿರಲಿಲ್ಲ.

"ನೀನು ಹಗ್ಗದವನಲ್ಲವೇನಯ್ಯ, ಇದೇನು ಮಹಾ," ಎಂದರು ಕ್ಲಬ್ಬಿನ ಬೋಟು ನೋಡಿಕೊಳ್ಳುವ ಗಣಿಯ ಇಂಜಿನಿಯರು. "ಸೋಮವಾರ ನಾನೇ ಕೂತು ನೋಡ್ತೀನಿ. ಸರಿಯಾದರೆ ನಿನ್ನನ್ನ ಇಲ್ಲಿಗೇ ಕಾಯಂ ಬರೆಸ್ತೀನಿ. ಇಲ್ಲವಾದರೆ ನಿನ್ನ ಮೂರು ತಿಂಗಳ ಚೀಟಿ ಅವತ್ತಿಗೇ ಮುಗಿಯುತ್ತೆ, ಗೋಪುರಕ್ಕೆ ಹೋಗು."

ಗೋಪುರವೆಂದೊಡನೆ ಚಿಕ್ಕಮುನಿಯಪ್ಪನಿಗೆ ಅಲ್ಲಿ ಕೈ ಜಾರಿದ್ದು ನೆನಪಾಯಿತು. ಆದರೂ ನಕ್ಕ. ಬೆರಳಿನಷ್ಟು ದಪ್ಪವಿಲ್ಲದ ತಂತಿ; ಇದಕ್ಕೆ ನಾಲ್ಕು ದಿನ ಯಾಕೆ?

ಬೋಟಿನ ಜೊತೆ ಇಂಗ್ಲಿಷ್ ಪುಸ್ತಕವೊಂದಿತ್ತು. ಪಂಪ್‌ಹೌಸಿನ ಗುಮಾಸ್ತ ಮುನಿನಾರಾಯಣಪ್ಪ ಗುರುವಾರ ಬೆಳಿಗ್ಗೆ ಬಂದು, ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳತೊಡಗಿದ. "ಕೇಬಲ್ಲಿನ ತುದೀಲಿ ಹಿತ್ತಾಳೆ ನಟ್ಟು ಅದೆ. ಅದನ್ನ ತಿರುಗಿಸಿದ್ರೆ ಕೇಬಲ್ಲು ಗಿಡ್ಡ ಆಗ್ತದೆ, ಉದ್ದ ಆಗ್ತದೆ. ಮೊದ್ಲು ಕೇಬಲ್ಲಿನ ಆಟ ಎಷ್ಟದೆ ಅಂತ ನೋಡ್ಬೇಕಂತೆ, ಆಮೇಲೆ..."

"ಆಟ ಅಂದ್ರೆ ಸಡ್ಲ ತಾನೆ?"

"ಊಂ. ಆಮೇಲೆ..."

"ಆಮೇಲೆ ಏನು, ತೆಗ್ಯೋದು. ಸಾಕು ಬಿಡಪ್ಪ. ಅದ ನಂಗೇಳ್ಬೇಡ."

ಮುನಿನಾರಾಯಣಪ್ಪ ಪುಸ್ತಕವನ್ನು ಹಲಗೆಯ ಮೇಲಿಟ್ಟು ಹೋದ.

ಚಿಕ್ಕಮುನಿಯಪ್ಪ ಸಡಿಲ ತೆಗೆದ. ನೂಲಿನೆಳೆಯಷ್ಟೂ ಬಿಡದೆ ತೆಗೆದ. ಉಗುರಿನಿಂದ ತಟ್ಟಿದರೆ ಕೇಬಲ್ಲು ಟಿಣ್ಣೆನ್ನುವಂತಾದ ಮೇಲೆ ಬೋಟನ್ನು ನೀರಿಗಿಳಿಸಿ, ಹಿಡಿಕೆ ನೆಟ್ಟಗೆ ನಿಲ್ಲಿಸಿ, ಇಂಜಿನ್ನು ಚಾಲೂ ಮಾಡಿದ. ನಿಲ್ಲಬೇಕಾದ ಬೋಟು ಮೆಲ್ಲಗೆ ಹೊರಟೇ ಹೋಯಿತು. ಹಿಡಿಕೆಯನ್ನು ಹಿಂದಕ್ಕೆಳೆದ. ಕಾಲಿನೊಳಗೆ ಕಟಕಟ ಸದ್ದಾಯಿತೇ ಹೊರತು ಗೇರು ಬೀಳಲಿಲ್ಲ. ಬೋಟು ಮೆಟ್ಟಿಲಿನ ಕಲ್ಲಿಗೆ ಮೂಗು ಗುದ್ದಿಕೊಂಡು ನಿಂತಿತು.

ಕೆರೆಯ ಕಾವಲಿನ ಆರುಮುಗಂ ಮೆಟ್ಟಿಲ ಮೇಲೆ ಕುಳಿತು ಬೀಡಿ ಸೇದುತ್ತಿದ್ದ. "ಎನ್ನ ಮೇಸ್ತ್ರಿ, ಏನಿದು," ಎಂದ, "ನಮ್ಮನೇ ಎಮ್ಮೆನೂ ಇಂಗೇನೇ. ನಿಲ್ಲು ಅಂದ್ರೆ ನಡೀತದೆ."

"ನಿನ್ನೆಮ್ಮೆಗೆ ಕೇಬಲ್ಲದಾ? ಸುಮ್ನಿರಲಾ."

ಇನ್ನೂ ಸಡಿಲ ಉಳಿದಿರಬೇಕೆಂದು ನಟ್ಟನ್ನು ಮತ್ತೆರಡು ಸುತ್ತು ತಿರುಗಿಸಿದ. ಬೋಟು ಇನ್ನೂ ಜೋರಾಗಿ ಹೊರಟಿತು. ಶುಕ್ರವಾರ ಹಿಡಿಕೆಯ ಪೆಟ್ಟಿಗೆ ಬಿಚ್ಚಿ ಜೋಡಿಸಿದ. ಶನಿವಾರ ಹೊಟ್ಟೆಯ ಮೇಲೆ ಮಲಗಿ, ಕೈ ಮಾತ್ರ ತೂರುವ ಸಂದಿಯಲ್ಲಿ ಕಾಣದ ಸ್ಕ್ರೂಗಳನ್ನು ತಡವಿದ. ಒಂದು ಪಿನ್ನು ಜಾರಿ ನೀರಿಗೆ ಬಿತ್ತು. ಆರುಮುಗಂ ಮುಳುಗಿ ಹುಡುಕಿ ಕೊಟ್ಟ, ಕೊಡುವಾಗ ಎಮ್ಮೆಯ ಕ್ಷೇಮವನ್ನೂ ವಿಚಾರಿಸಿದ. ಬೆರಳ ಗೆಣ್ಣುಗಳೆಲ್ಲ ಸುಲಿದುಹೋದವು. ಸಾವಿರಾರು ಅಡಿ ಆಳದಿಂದ ಜನರನ್ನು ಎತ್ತುವ ಹಗ್ಗ ಅವನ ಮಾತು ಕೇಳುತ್ತಿತ್ತು. ಈ ಮೂರು ಮಾರು ತಂತಿ ಕೇಳುವುದಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ಅಶ್ವತ್ಥಮ್ಮ ಮುದ್ದೆ ಬಡಿಸುತ್ತ, "ಮಾರಿಯಮ್ಮನಿಗೆ ಒಂದ್ಮಾತು ಏಳ್ಕೊಂಡಿದೀನಿ," ಎಂದಳು.

"ಅಮ್ಮಂಗೆ ಬೋಟು ಗೊತ್ತಾ?"

"ನಿನ್ ತಲೆಸುತ್ತು ಗೊತ್ತಲ್ಲ, ಸಾಕು."

ಅವನು ಸುಲಿದ ಬೆರಳುಗಳನ್ನು ನೋಡಿಕೊಂಡು ಮುದ್ದೆ ಮುರಿದ. ಅವಳು ಇನ್ನಷ್ಟು ಸಾರು ಬಡಿಸಿದಳು.

ಭಾನುವಾರ ಮಧ್ಯಾಹ್ನ ಮುನಿನಾರಾಯಣಪ್ಪ ಪುಸ್ತಕ ವಾಪಸ್ಸು ಕೇಳಲು ಬಂದ. ಚಿಕ್ಕಮುನಿಯಪ್ಪ ನಟ್ಟು ತಿರುಗಿಸುವ ಪಾನಾವನ್ನು ಹಲಗೆಯ ಮೇಲೆ ಕುಕ್ಕಿ, "ತಗೊಂಡೋಗು. ಸುಳ್ಳು ಬರ್ದವ್ರೆ. ಆಟ ತೆಗ್ದಷ್ಟೂ ಕೆಡ್ತದೆ," ಎಂದ.

"ತೆಗಿ ಅಂತ ಎಲ್ಲಿ ಬರ್ದವ್ರಣ್ಣ?"

"ನೀನೇ ಅಲ್ವೇನಯ್ಯ ಓದಿದ್ದು?"

"ನೋಡು ಅಂತ ಓದ್ದೆ. ಮಿಕ್ಕಿದ್ದ ಓದಕ್ಕೆ ನೀನೆಲ್ಲಿ ಬಿಟ್ಟೆ?"

ಆರುಮುಗಂ ಬೀಡಿ ಕೆಳಗಿಟ್ಟ. "ಓದು," ಎಂದ ಚಿಕ್ಕಮುನಿಯಪ್ಪ. ಪುಸ್ತಕವನ್ನು ತಾನೇ ಎತ್ತಿ ಅವನ ಕೈಗಿಟ್ಟ.

"ಇಡಿಕೆ ನೆಟ್ಟಗಿಟ್ಟು, ಕೇಬಲ್ಲಿನ ತುದೀನ ಒಂದ್ಸಲ ಒಳಕ್ಕೆ ತಳ್ಳಿ ಗುರುತು ಆಕ್ಬೇಕು. ಒಂದ್ಸಲ ಒರಕ್ಕೆ ಎಳ್ದು ಗುರುತು ಆಕ್ಬೇಕು. ಅವೆರಡರ ನಡುವೆ ಇರೋದೇ ಆಟ. ಸರೀಗೆ ಅದರ ಮಧ್ಯಕ್ಕೆ ತುದಿ ನಿಲ್ಲಿಸಿ, ಆಮೇಲೆ ನಟ್ಟು ಕೂರಿಸ್ಬೇಕು."

"ತಳ್ಳಿ ಅಂತ ಅದಾ? ಅಗ್ಗ ಎಲ್ಲಾದ್ರೂ ತಳ್ತದಾ?"

"ಇದು ತಳ್ತದಂತೆ. ಮುಂದಕ್ಕೆ ಎಳ್ಯೋದೂ ಇದೇ, ಇಂದಕ್ಕೆ ತಳ್ಳೋದೂ ಇದೇ."

ಚಿಕ್ಕಮುನಿಯಪ್ಪ ಕೇಬಲ್ಲನ್ನು ದಿಟ್ಟಿಸಿದ. ನಾಲ್ಕು ದಿನದಿಂದ ಅವನು ಅದನ್ನು ಹಗ್ಗವೆಂದು ತಿಳಿದು ಬಿಗಿದಿದ್ದ. ಬಿಗಿದಷ್ಟೂ ಅದು ಗೇರನ್ನು ಮುಂದಕ್ಕೇ ಎಳೆದಿಟ್ಟುಕೊಂಡಿತ್ತು. ಹಿಂದಕ್ಕೆ ತಳ್ಳಲು ಅದಕ್ಕೆ ಉದ್ದವೇ ಉಳಿದಿರಲಿಲ್ಲ.

ತಳ್ಳಿ ಒಂದು ಗೀಟು ಎಳೆದ, ಎಳೆದು ಇನ್ನೊಂದು. ನಡುವೆ ಭತ್ತದ ಕಾಳಿನುದ್ದ ಜಾಗ. ನಟ್ಟನ್ನು ಸಡಿಲಿಸುತ್ತ ಬರುವಾಗ ಕೈ ಎರಡು ಸಲ ತಾನಾಗಿಯೇ ಬಿಗಿಯುವ ಕಡೆ ತಿರುಗಿತು. ಬೈದುಕೊಂಡು ಹಿಂದಕ್ಕೆ ತಿರುಗಿಸಿದ. ಅರ್ಧಕ್ಕೆ ನಿಲ್ಲಿಸಿ ಪಿನ್ನು ಹಾಕಿದ. ಬೆರಳಿಟ್ಟರೆ ಕೇಬಲ್ಲು ಅಲ್ಲಾಡುತ್ತಿತ್ತು. ನೋಡಲಾಗದೆ ಮುಖ ತಿರುಗಿಸಿ ಇಂಜಿನ್ನು ಚಾಲೂ ಮಾಡಿದ.

ಬೋಟು ನಿಂತಲ್ಲೇ ನಿಂತು ನಡುಗಿತು. ಮುಂದೆಂದರೆ ಮುಂದೆ, ಹಿಂದೆಂದರೆ ಹಿಂದೆ. "ಎಮ್ಮೆ ಪಳಗ್ತು," ಎಂದ ಆರುಮುಗಂ.

ಸೋಮವಾರ ಇಂಜಿನಿಯರು ಕೆರೆಯ ನಡುವಿನವರೆಗೆ ಹೋಗಿ ಬಂದರು. ಇಳಿಯುವಾಗ ಕೇಳಿದರು, "ಕೇಬಲ್ಲು ಚೆನ್ನಾಗಿ ಬಿಗಿ ಮಾಡಿದೀಯ ತಾನೆ?"

ಹೌದೆನ್ನುವುದು ಸುಲಭವಿತ್ತು. "ಇಲ್ಲ ಸಾರ್," ಎಂದ ಚಿಕ್ಕಮುನಿಯಪ್ಪ, ತಲೆ ತಗ್ಗಿಸಿ. "ಅರ್ಧ ಸಡ್ಲ ಬಿಟ್ಟಿದೀನಿ. ಅದಕ್ಕೆ ಅಂಗೇ ಬೇಕಂತೆ."

ಅವರಿಗೆ ಅದೇನೂ ದೊಡ್ಡ ಮಾತಾಗಿ ಕೇಳಲಿಲ್ಲ. ಬೋಟಿನ ಫಿಟ್ಟರ್ ಎಂದು ಹೆಸರು ಬರೆದುಕೊಂಡು ಜೀಪು ಹತ್ತಿದರು.

ಸುದ್ದಿ ಕೇಳಿ ಅಶ್ವತ್ಥಮ್ಮ ಮಾರಿಯಮ್ಮನ ಗುಡಿಯ ಕಡೆ ತಿರುಗಿ ಕೈ ಮುಗಿದಳು. "ಇನ್ನು ಗೋಪುರ ಇಲ್ವಲ್ಲ. ಮತ್ಯಾಕೆ ಮುಖ ಗಂಟಾಕ್ಕೊಂಡಿದೀಯ?"

"ಸಡ್ಲ ಬಿಟ್ ಬಂದಿದೀನಲ್ಲೇ," ಎಂದ. "ದೊಡ್ಡವೆಂಕಟಪ್ಪ ಇದ್ದಿದ್ರೆ ಇನ್ನೊಂದು ಗುದ್ದು ಬೀಳ್ತಿತ್ತು."

ಎದ್ದು ಅಂಗಳಕ್ಕೆ ಹೋದ. ಬಟ್ಟೆ ಒಣಹಾಕುವ ಹಗ್ಗ ಎರಡು ಕಂಬಗಳ ನಡುವೆ ಜೋಲುತ್ತಿತ್ತು. ಗಂಟು ಬಿಚ್ಚಿ, ಕಂಬಕ್ಕೆ ಕಾಲು ಕೊಟ್ಟು ಎಳೆದು, ಟಿಣ್ಣೆನ್ನುವಂತೆ ಕಟ್ಟಿ ಒಳಗೆ ಬಂದು ಮಲಗಿದ.

ಬೆಳಿಗ್ಗೆ ಒದ್ದೆ ಸೀರೆ ಹಿಡಿದುಕೊಂಡು ಅಶ್ವತ್ಥಮ್ಮ ಅಂಗಳದಿಂದ ಕೂಗಿದಳು, "ಯಾರ್ಗೆ ಎಟುಕ್ಲಿ ಅಂತ ಕಟ್ಟಿದೀಯ ಇದ್ನ?"