ಅರವತ್ತೇಳರಲ್ಲಿ ಅಕ್ಕನ ಆಪರೇಷನ್

ನಾನು ಸಂಶಯದ ಪ್ರಾಣಿ ಎಂಬುದು ಮನೆಯವರ ದೂರು. ಇರಲಿ. ಆದರೆ ಅರವತ್ತೇಳು ವರ್ಷದ ಅಕ್ಕ ಇದ್ದಕ್ಕಿದ್ದ ಹಾಗೆ, "ಎದೆ ಸಣ್ಣ ಮಾಡಿಸ್ಕೊಳ್ತೀನಿ ಕಣೇ, ಡಾಕ್ಟ್ರು ದಿನ ಕೊಟ್ಟಿದ್ದಾರೆ" ಎಂದರೆ ಯಾರು ನಂಬುತ್ತಾರೆ? "ಈ ವಯಸ್ಸಲ್ಲಿ ಯಾರ ಕಣ್ಣಿಗೆ ಬೀಳ್ಬೇಕಂತೆ?" ಎಂದು ಭಾವ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಮ್ಮ ಎದೆಯಲ್ಲಿ ಗಂಟಿಟ್ಟುಕೊಂಡು, "ಏನಿಲ್ಲ ಕಣೇ" ಎನ್ನುತ್ತಲೇ ಹೋದವಳು. ಅಕ್ಕನಿಗೂ ಅದೇ ಕಾಯಿಲೆ, ಮುಚ್ಚಿಡುತ್ತಿದ್ದಾಳೆ ಎಂದೇ ನನ್ನ ಲೆಕ್ಕ.

ಅಕ್ಕ ದರ್ಜಿ. ನಲವತ್ತು ವರ್ಷ ಅದೇ ಕಿಟಕಿಯ ಪಕ್ಕ, ಅದೇ ಮೆಷಿನ್ನಿನ ಮೇಲೆ ಬಾಗಿ ಕಂಡವರ ಬಟ್ಟೆಗಳನ್ನೆಲ್ಲ ಬಿಗಿ ಮಾಡಿ, ಸಡಿಲ ಮಾಡಿ ಕೊಟ್ಟಿದ್ದಾಳೆ. ತನ್ನ ಅಳತೆ ತೆಗೆಯಲು ಮಾತ್ರ ಯಾರನ್ನೂ ಬಿಟ್ಟವಳಲ್ಲ. ಕತ್ತು ಹಿಡಿದುಕೊಂಡು ಮುಲಾಮು ಹಚ್ಚುತ್ತಿದ್ದಳು, ಕೇಳಿದರೆ, "ಏನಿಲ್ಲ." ಎದೆಯ ಭಾರಕ್ಕೆ ಒಳಂಗಿಯ ಪಟ್ಟಿ ಕೊರೆದು ಅವಳ ಹೆಗಲ ಮೇಲೆ ಬೆರಳು ಕೂರುವಷ್ಟು ಹಳ್ಳ ಬಿದ್ದದ್ದನ್ನು ನಾನು ನೋಡಿದ್ದು ಆಸ್ಪತ್ರೆಯಲ್ಲೇ.

ಆಪರೇಷನ್ನಿಗೆ ಮುಂಚೆ ಡಾಕ್ಟರು ಮೈಮೇಲೆ ಪೆನ್ನಿನಿಂದ ಗೆರೆ ಎಳೆದಾಗ, "ಎಡಗಡೆ ಕಾಲಿಂಚು ಕೆಳಗಿದೆ, ನೋಡಿ" ಎಂದು ತಿದ್ದಿಸಿದಳಂತೆ. ಹುಟ್ಟುಗುಣ ಸುಟ್ಟರೂ ಹೋಗದು!

ಮನೆಗೆ ಬಂದ ಮೇಲೆ ಅವಳ ಚೀಲ ತಡಕಿದೆ. ನಾಚಿಕೆಯೇನೂ ಆಗಲಿಲ್ಲ. ಒಂದು ಕಾಗದ ಸಿಕ್ಕಿತು: ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸಲಾಗಿದೆ.

"ಇದೇನು?" ಎಂದು ಅವಳ ಮುಖಕ್ಕೆ ಹಿಡಿದೆ.

"ಎಲ್ರದ್ದೂ ಕಳಿಸ್ತಾರಂತೆ. ಏನಿಲ್ಲ ಕಣೇ."

ಅಮ್ಮನದೇ ಮಾತು, ಅಮ್ಮನದೇ ದನಿ. ವಾರದ ನಂತರ ದೋಷವಿಲ್ಲವೆಂಬ ವರದಿಯನ್ನು ತಾನೇ ತಂದು ತೋರಿಸಿದಳು. ನಾನು ಕೇಳದೆಯೇ ಏಕೆ ತೋರಿಸಿದಳು ಎಂದು ಅದರ ಮೇಲೂ ಅನುಮಾನ ಬಂತು. ಒಂದು ಕಡೆಯ ಗಾಯ ಒಣಗಲು ಎರಡು ತಿಂಗಳು ಹಿಡಿಯಿತು. ವಯಸ್ಸಾದವರಿಗೆ ಹಾಗೆಯೇ ಎಂದರು ನರ್ಸು. ಅವರನ್ನೂ ನಾನು ನಂಬಲಿಲ್ಲ.

ನಾಲ್ಕನೆಯ ತಿಂಗಳು ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಮೆಷಿನ್ನಿನ ಸದ್ದಿಲ್ಲ. ಒಳಗೆ ಮಂಚದ ಮೇಲೆ ಅಕ್ಕ ಬೋರಲು ಬಿದ್ದಿದ್ದಳು, ಒಂದು ಕೈ ಕೆಳಗೆ ಜೋತಿತ್ತು. "ಅಕ್ಕಾ!" ಎಂದು ಕಿರುಚಿ ಭುಜ ಹಿಡಿದು ಅಲುಗಿಸಿದೆ.

ಅಕ್ಕ ಮುಖ ತಿರುಗಿಸಿದಳು. ಕೆನ್ನೆಯ ಮೇಲೆ ದಿಂಬಿನ ಗೆರೆ.

"ಹೀಗೆ ಬೋರಲು ಮಲಗಿ ಐವತ್ತು ವರ್ಷ ಆಗಿತ್ತು ಕಣೇ. ಮಲಗಕ್ಕಾದ್ರೂ ಬಿಡೇ."

ಬಿಟ್ಟೆ. ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ಕತ್ತು ಹಿಡಿದುಕೊಂಡು ಅವಳು ದಿನಾ ಹೇಳುತ್ತಿದ್ದ ಆ "ಏನಿಲ್ಲ"ವನ್ನು, ಇಷ್ಟು ಸಂಶಯದವಳಾದ ನಾನು ಒಂದು ದಿನವೂ ಸಂಶಯಿಸಿರಲಿಲ್ಲ.